ಮ್ಯಾನೇಜರ್ ಸಾಹೇಬರಿಂದ ತಲೆ ತಿನ್ನಿಸಿಕೊಳ್ಳಲು ಅನುಮತಿ ಕೋರಿ

ಇಂದ:
ಇಸ್ತ್ರಿ ವಿಭಾಗದ ಮೇಲ್ವಿಚಾರಕ (ತಲೆ ಸಮೇತ),
ಆಸ್ಪತ್ರೆ ಬಟ್ಟೆಗಳ ಲಾಂಡ್ರಿ

ಗೆ:
ಸಿಬ್ಬಂದಿ ಕ್ಷೇಮಾಧಿಕಾರಿಗಳು,
ಮೇಲಿನ ಮಹಡಿ

ವಿಷಯ: ಅರ್ಜಿದಾರನ ತಲೆಯು ಸ್ವಸ್ಥಾನದಲ್ಲಿಯೇ ಇರುವುದನ್ನು ದಾಖಲಿಸಿಕೊಂಡು, ಅದನ್ನು ತಿನ್ನಲು ಮ್ಯಾನೇಜರ್ ಸಾಹೇಬರಿಗೆ ಮರಳಿ ಅವಕಾಶ ನೀಡುವ ಬಗ್ಗೆ.

ಉಲ್ಲೇಖ: 'ನೆಮ್ಮದಿ' ಎಂಬ ಚಾಟ್‌ಬಾಟ್‌ಗೆ ಅರ್ಜಿದಾರನು ಊಟದ ಬಿಡುವಿನಲ್ಲಿ ತೋಡಿಕೊಂಡ ದುಃಖ.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ದುಡಿದು ಹೈರಾಣಾದ ಸಿಬ್ಬಂದಿ ಮನಸ್ಸು ಹಗುರ ಮಾಡಿಕೊಳ್ಳಲಿ ಎಂದು ತಾವು ಎಲ್ಲರ ಮೊಬೈಲಿಗೂ ನೆಮ್ಮದಿಯನ್ನು ಹಾಕಿಸಿದ್ದೀರಿ. ಅರ್ಜಿದಾರನು ಆಗ ನಿಜಕ್ಕೂ ಹೈರಾಣಾಗಿದ್ದನು. ಕಣ್ಣು ಮುಚ್ಚಿದರೂ ಬಿಳಿ ಬೆಡ್‌ಶೀಟುಗಳೇ ಸಾಲುಗಟ್ಟಿ ಬರುತ್ತಿದ್ದವು. ಆದ್ದರಿಂದ, "ನಮ್ಮ ಮ್ಯಾನೇಜರ್ ಬೆಳಗ್ಗೆಯಿಂದ ನನ್ನ ತಲೆ ತಿಂತಿದ್ದಾರೆ" ಎಂದು ಬರೆದನು.

೨. ಅದಕ್ಕೆ ನೆಮ್ಮದಿಯು, "ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಈಗ ಎಷ್ಟು ಭಾಗ ಉಳಿದಿದೆ?" ಎಂದು ಕೇಳಿತು. ಯಂತ್ರಕ್ಕೂ ತಮಾಷೆ ಬರುತ್ತದೆಂದು ಖುಷಿಪಟ್ಟು, "ಬರೀ ಬುರುಡೆ ಉಳಿದಿದೆ" ಎಂದು ಉತ್ತರಿಸಿದ್ದು ಸದರಿ ಅರ್ಜಿದಾರನೇ.

೩. ನೆಮ್ಮದಿಯು ಇದನ್ನು ಹಾಗೆಯೇ ವರದಿ ಮಾಡಿದ ಕಾರಣ ಸುರಕ್ಷತಾ ವಿಭಾಗದವರು ಎದ್ದೆನೋ ಬಿದ್ದೆನೋ ಎಂದು ಬಂದು, ಮ್ಯಾನೇಜರ್ ಸಾಹೇಬರನ್ನು ನೆಲಮಾಳಿಗೆಯ ಗೋದಾಮಿಗೆ ಅಟ್ಟಿ, ಅರ್ಜಿದಾರನ ಹತ್ತಿರ ಸುಳಿಯಬಾರದೆಂದು ಆದೇಶಿಸಿದರು. ಅರ್ಜಿದಾರನು ಗಾಬರಿಯಾಗಿ, "ಮಾತಿಗೆ ಹಾಗಂದೆ, ಹೊಟ್ಟೆ ಉರಿದುಹೋಗಿತ್ತು" ಎಂದು ನೆಮ್ಮದಿಗೆ ತಿದ್ದುಪಡಿ ಬರೆದನು. ಬೆಂಕಿ ಆರಿಸುವವರು ಬಂದು ಆತನ ಹೊಟ್ಟೆಗೆ ನೊರೆ ಹೊಡೆದು ಹೋದರು.

೪. ಗೇಟಿನ ಹಾಜರಿ ಯಂತ್ರವು ಮುಖ ನೋಡಿ ಬಾಗಿಲು ತೆರೆಯುವಂಥದ್ದು. ದಾಖಲೆಯ ಪ್ರಕಾರ ತಲೆಯೇ ಇಲ್ಲದವನಿಗೆ ಮುಖ ಎಲ್ಲಿಂದ ಬಂತು ಎಂಬುದು ಅದರ ವಾದ. ಆದಕಾರಣ ಅರ್ಜಿದಾರನು ಕೊಳೆ ಬಟ್ಟೆಯ ಗಾಡಿಯಲ್ಲಿ ಮಲಗಿ ಕೆಲಸಕ್ಕೆ ಬರುತ್ತಿದ್ದಾನೆ. "ಊರಿಗೆಲ್ಲಾ ಡಂಗುರ ಹೊಡೆಯೋ ಬದಲು ನನ್ನ ಹತ್ರ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಆತನ ಪತ್ನಿ ಕೇಳಿದ್ದಾರೆ. ಅವರ ಪ್ರಶ್ನೆ ನ್ಯಾಯವಾಗಿದೆ.

೫. ಮನಸ್ಸು ತಡೆಯದೆ ಅರ್ಜಿದಾರನು ಕಳೆದ ವಾರ ಗೋದಾಮಿಗೆ ಇಳಿದನು. ಸಾಹೇಬರು ಕಂಬಳಿಗಳ ರಾಶಿಯ ಮೇಲೆ ಒಬ್ಬರೇ ಕುಳಿತಿದ್ದರು.

"ಏನಯ್ಯಾ, ಅಷ್ಟೊಂದು ತಿಂತೀನಾ ನಾನು?"

"ಅಷ್ಟೇನಿಲ್ಲ ಸಾರ್. ಮಧ್ಯಾಹ್ನದವರೆಗೆ ಸ್ವಲ್ಪ ಜಾಸ್ತಿ."

"ನಿನಗೆ ಬೈಕೊಳ್ಳೋಕೆ ನಾನಾದ್ರೂ ಇದ್ದೆ ಕಣಯ್ಯಾ. ಮೇಲಿನವರು ನನ್ನ ತಲೆ ತಿಂದಾಗ ನಾನು ಯಾರಿಗೆ ಹೇಳ್ಲಿ?"

ಇಷ್ಟು ಹೇಳಿ ಅವರು ಆಸ್ಪತ್ರೆಯ ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಂಡರು. ಅರ್ಜಿದಾರನಿಗೂ ಅಳು ಬಂತು. ಆಮೇಲೆ ಇಬ್ಬರೂ ಸೇರಿ ಮೇಲಿನವರನ್ನು ಮನಸಾರೆ ಬೈದರು. (ಈ ಸಾಲನ್ನು ತಾವು ಓದಬೇಕಾಗಿಲ್ಲ.) ಆ ರಾತ್ರಿ ಅರ್ಜಿದಾರನು ಗೊರಕೆ ಹೊಡೆದನೆಂದು ಮನೆಯವರು ತಿಳಿಸಿರುತ್ತಾರೆ.

೬. ಇನ್ನೊಮ್ಮೆ ಜೊತೆಯಲ್ಲಿ ಸಿಕ್ಕಿಬಿದ್ದರೆ ಇಬ್ಬರನ್ನೂ ಕೆಲಸದಿಂದ ತೆಗೆಯುವುದಾಗಿ ಈಗ ನೋಟಿಸು ಬಂದಿದೆ.

ಆದ್ದರಿಂದ, ಸಾಹೇಬರನ್ನು ಇಸ್ತ್ರಿ ವಿಭಾಗಕ್ಕೆ ಮರಳಿ ಕಳುಹಿಸಿ, ಅರ್ಜಿದಾರನ ತಲೆಯನ್ನು ಕಚೇರಿ ವೇಳೆಯಲ್ಲಿ ತಿನ್ನಲು ಅವರಿಗೂ, ಅವರ ತಲೆಯನ್ನು ಚಹಾ ವೇಳೆಯಲ್ಲಿ ತಿನ್ನಲು ಅರ್ಜಿದಾರನಿಗೂ ಅಪ್ಪಣೆ ಕೊಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಅರ್ಜಿದಾರ

ಲಗತ್ತುಗಳು:
೧. ತಲೆ, ಅಸಲು (ಪರಿಶೀಲಿಸಿ ಹಿಂದಿರುಗಿಸುವುದು)
೨. ಗೊರಕೆಯ ಬಗ್ಗೆ ಪತ್ನಿಯ ದೂರು

ವಿ.ಸೂ.: ಈ ಅರ್ಜಿಯನ್ನು ಯಾರಾದರೂ ಮನುಷ್ಯರು ಓದಬೇಕಾಗಿ ವಿನಂತಿ. ಉತ್ತರ ಕೊಡದಿದ್ದರೂ ನಡೆಯುತ್ತದೆ.