ಮಂಗಳ ಗ್ರಹದಲ್ಲಿ ನಮ್ಮ ಮನೆಯವರು

ಗಂಡನ ಹೆಸರು ಹೇಳಬಾರದು ಎಂದು ನನಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಅವ್ವ ಹೇಳುತ್ತಿರಲಿಲ್ಲ, ಅತ್ತೆ ಹೇಳುತ್ತಿರಲಿಲ್ಲ, ನಾನೂ ಹೇಳಲಿಲ್ಲ. ರೇಷನ್ ಅಂಗಡಿಯವನು ಕೇಳಿದರೆ ಪಕ್ಕದವಳು ನನ್ನವರ ಹೆಸರು ಹೇಳುತ್ತಿದ್ದಳು, ಅವಳ ಗಂಡನದನ್ನು ನಾನು ಹೇಳುತ್ತಿದ್ದೆ. ನನ್ನವರು ತೀರಿಹೋಗಿ ಆರು ವರ್ಷವಾದರೂ ನಾಲಿಗೆ ಹಳೆಯ ದಾರಿ ಬಿಟ್ಟಿಲ್ಲ. ಮೊಮ್ಮಕ್ಕಳೇ, ಇಲ್ಲೂ ಬರೆಯುವುದಿಲ್ಲ. ನಿಮ್ಮಪ್ಪನ ಆಧಾರ್ ಕಾರ್ಡಿನಲ್ಲಿದೆ, ನೋಡಿಕೊಳ್ಳಿ.

ನಿಮ್ಮ ಚೈತ್ರಕ್ಕನಿಗೆ ಯಂತ್ರಮಾನವ, ಹಾರುವ ಊರು ಇಂಥವೇ ಕಥೆ ಬರೆಯುವ ಹುಚ್ಚು. ಓದುವವರಿಲ್ಲ. ಅದಕ್ಕೆ ಅವಳೂ ಗೆಳತಿಯರೂ ಒಂದು ಉಪಾಯ ಹೂಡಿದರು: ಕಥೆಯನ್ನು ಗಟ್ಟಿಯಾಗಿ ಓದಿ, ದಾವಣಗೆರೆಯಿಂದ ಹರಿಹರಕ್ಕೆ ದಿನಾ ಓಡಾಡುವ ಹೆಂಗಸರ ವಾಟ್ಸಾಪ್ ಗುಂಪಿಗೆ ಕಳಿಸುವುದು. ಬಸ್ ಹತ್ತಿ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡರೆ ಹರಿಹರ ಬಸ್ ಸ್ಟ್ಯಾಂಡ್ ಬರುವುದರೊಳಗೆ ಕಥೆ ಮುಗಿಯಬೇಕು. ಮೊದಲ ಮೂರು ಕಥೆಗಳನ್ನು ಯಾರೂ ಅರ್ಧ ದಾರಿಗಿಂತ ಮುಂದೆ ಕೇಳಲಿಲ್ಲವಂತೆ.

"ಇದನ್ನೂ ಯಾರೂ ಕೇಳ್ಲಿಲ್ಲ ಅಂದ್ರೆ ನಾ ಬರಿಯೋದೇ ಬಿಡ್ತೀನಿ. ನೀ ಓದು ಅಜ್ಜಿ, ನಿನ್ ದನಿ ಚೆನ್ನಾಗೈತೆ" ಎಂದು ಮೊಬೈಲಿನಲ್ಲಿ ರೆಕಾರ್ಡಿಗೆ ಒತ್ತುವ ಗುಂಡಿ ತೋರಿಸಿ ಕಾಲೇಜಿಗೆ ಹೋದಳು.

ನಾಲ್ಕು ಜನರೆದುರು ಬಾಯಿ ಬಿಡದ ನಾನು ಅಡುಗೆಮನೆ ಬಾಗಿಲು ಹಾಕಿಕೊಂಡು ಕೂತೆ. ಎರಡನೇ ಸಾಲಿಗೇ ಎಡವಿದೆ. ಮಂಗಳ ಗ್ರಹಕ್ಕೆ ಹೊರಟ ಯಂತ್ರಮಾನವನಿಗೆ ಹುಡುಗಿ ತನ್ನಜ್ಜನ ಹೆಸರಿಟ್ಟಿದ್ದಳು! ಸಂಜೆಯ ಬಸ್ಸು ಹೊರಡುವುದರೊಳಗೆ ಕಳಿಸಬೇಕು, ಕೇಳೋಣವೆಂದರೆ ಅವಳಿಲ್ಲ. ಹೆಸರು ಬಂದಲ್ಲೆಲ್ಲ "ನಮ್ಮ ಮನೆಯವರು" ಎಂದು ಓದಿಬಿಟ್ಟೆ. ನಮ್ಮ ಮನೆಯವರು ಮಂಗಳಕ್ಕೆ ಇಳಿದರು, ನೀರು ಹುಡುಕಿದರು, ಬ್ಯಾಟರಿ ಮುಗಿದು ಅಲ್ಲೇ ಒಂದು ಬಂಡೆಗೆ ಒರಗಿ ಕೂತರು. ಜೊತೆಗೆ ಹೋಗಿದ್ದ ನಾವೆಲ್ಲ ವಾಪಸ್ ಬಂದೆವು ಎಂದು ಕಥೆ ಮುಗಿಯಿತು.

ಮರುದಿನ ಚೈತ್ರಾ ಮೊಬೈಲ್ ಹಿಡಿದು ಓಡಿ ಬಂದಳು. ಬೈಗುಳಕ್ಕೆ ಸಿದ್ಧಳಾದೆ. "ಏನ್ ಓದೀಯ ಅಜ್ಜಿ ನೀನು! ಎಲ್ಲಾರೂ ಕೊನೇತನಕ ಕೇಳ್ಯಾರೆ!"

ಮೊಬೈಲಿನಲ್ಲಿ ನಂದಿಗುಡಿಯ ಹೆಂಗಸೊಬ್ಬಳ ದನಿ: "ಅಳ್ತಾ ಅಳ್ತಾ ಇಳಿಯೋ ಸ್ಟಾಪೇ ತಪ್ಪಿಸ್ಕಂಡೆ ಕಣ್ರಿ. ಅಂಥಾ ಮನುಷ್ಯನ್ನ ಹೆಂಗೆ ಬಿಟ್ ಬಂದ್ರಿ ಅಜ್ಜಿ? ಒಂದು ಚಾರ್ಜರ್ ಕೊಟ್ಟು ಕಳಿಸ್ಬಾರ್ದಿತ್ತಾ?"

"ಅಲ್ಲವ್ವ, ಅಜ್ಜನ ಹೆಸರು ಯಾಕ ಇಟ್ಟೆ?" ಎಂದೆ.

"ಅಜ್ಜನೂ ಹಂಗೇ ಅಲ್ವಾ? ಕೆಲಸ ಒಂದೇ, ಮಾತಿಲ್ಲ."

ಹೆಂಗಸರೆಲ್ಲ ಅವರನ್ನು ವಾಪಸ್ ಕರೆಸಿ ಎಂದು ಪಟ್ಟು ಹಿಡಿದಿದ್ದರಿಂದ ಬಿಡಬೇಕೆಂದಿದ್ದವಳು ಮತ್ತೆ ಬರೆಯಲು ಕೂತಳು. "ತರೋದಾದ್ರೆ ಈ ಸಲ ನಾಲ್ಕು ಮಾತಾಡೋ ಹಂಗೆ ತಾರವ್ವ. ನಲವತ್ತು ವರ್ಷ ಅದೊಂದೇ ಕೊರಗು ನಂದು" ಎಂದೆ. ಹಾಗೇ ಬರೆದಳು. ಭೂಮಿಗೆ ಇಳಿದವರೇ ನನ್ನ ಸೀರೆ ಚೆನ್ನಾಗಿದೆ ಅಂದರು, ಊಟ ಆಯ್ತಾ ಅಂದರು, ನಾನು ಮಾಡಿದ ಸಾರನ್ನು ಹೊಗಳಿದರು. ಮೂರನೇ ಪುಟಕ್ಕೆ ನಾನು ಕನ್ನಡಕ ತೆಗೆದಿಟ್ಟೆ.

"ಅರ್ಧ ಮಾತು ಹೊಡೆದುಹಾಕವ್ವ. ಇವ್ರು ಯಾರೋ ಹೊಸಬರು, ಒಬ್ಬಳೇ ಕೂತು ಓದಾಕೂ ನಾಚಿಕೆ ಆಗ್ತೈತೆ."