ಗಾಣದೆಣ್ಣೆಯ ವೆಬ್‌ಸೈಟೂ ಕುಟುಂಬ ವರ್ಗದವರೂ

ನಮ್ಮ ಮನೆಯಲ್ಲಿ ಒಬ್ಬರು ಒಂದು ಕೆಲಸಕ್ಕೆ ಕೈಹಾಕಿದರೆ ಉಳಿದವರೆಲ್ಲ ಬಾಯಿ ಹಾಕುತ್ತಾರೆ. ಇದು ಇವತ್ತು ನಿನ್ನೆಯದಲ್ಲ. ಆದರೆ ನನ್ನ ವೆಬ್‌ಸೈಟಿಗೆ ಹಾಕಿದ ಹಾಗೆ ಬೇರೆ ಯಾವುದಕ್ಕೂ ಹಾಕಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮದುವೆಗೆ ಮುಂಚಿನಿಂದಲೂ ನಾನು ಮಾಡಿದ್ದು ಅದೇ ಕೆಲಸ. ಯಾವ ಪುಟದಲ್ಲಿ ಏನಿರಬೇಕು, ಯಾವುದನ್ನು ಕಿತ್ತು ಬಿಸಾಕಬೇಕು ಎಂದು ಕಂಪನಿಗಳಿಗೆ ಹೇಳುವುದು. ಕಂಟೆಂಟ್ ಆಡಿಟ್ ಅಂತ ಅದಕ್ಕೊಂದು ದೊಡ್ಡ ಹೆಸರು. ಎಂತೆಂಥ ಎಂಡಿಗಳ ಆತ್ಮಕಥೆಗಳನ್ನು ಎರಡು ಸಾಲಿಗೆ ಇಳಿಸಿದ್ದೇನೆ. ಆ ಕೆಲಸ ಬಿಟ್ಟು ಬ್ಯಾಡರಹಳ್ಳಿಯಲ್ಲಿ ಮರದ ಗಾಣ ಹಾಕಿ, ಎಣ್ಣೆ ವ್ಯಾಪಾರ ಶುರು ಮಾಡಿದೆ. ನನ್ನ ವೆಬ್‌ಸೈಟಿಗೆ ಮೂರೇ ಮಾತು ಸಾಕಾಗಿತ್ತು: ಏನು ಮಾರುತ್ತೇವೆ, ಎಲ್ಲಿ ಮಾರುತ್ತೇವೆ, ಯಾರಿಗೆ ಫೋನ್ ಮಾಡಬೇಕು. ಆ ಮೂರನೆಯದರ ಮುಂದೆ ನನ್ನ ಹೆಸರು, ನನ್ನ ನಂಬರು. ನಾನು ಕೇಳಿದ್ದು ಅಷ್ಟೇ. ಬಂಗಾರ ಕೇಳಿದ್ದರೆ ಬೇಗ ಸಿಗುತ್ತಿತ್ತು.

ದೇವರ ಜಾಗ

ಮೊದಲ ಕರಡನ್ನು ಫೋನಿನಲ್ಲಿ ಮಾವನವರಿಗೆ ತೋರಿಸಿದೆ. ಅವರು ಸರ್ಕಾರಿ ಕಚೇರಿಯಿಂದ ರಿಟೈರಾದವರು. ಎದುರಿಗೆ ಏನೇ ಬಂದರೂ ಒಂದು ಆಕ್ಷೇಪಣೆ ಎತ್ತದೆ ಮುಂದಕ್ಕೆ ಕಳಿಸುವ ಅಭ್ಯಾಸವಿಲ್ಲ.

"ದೇವರ ಫೋಟೋನೇ ಇಲ್ವಲ್ಲಮ್ಮ!"

"ಎಣ್ಣೆ ಅಂಗಡಿ ವೆಬ್‌ಸೈಟು ಮಾವ."

"ಅಂಗಡೀಲಿ ದೇವರ ಫೋಟೋ ಇಡಲ್ವಾ?"

ಇಡುತ್ತೇವೆ. ಸೋತೆ. ಮನೆದೇವರನ್ನು ಮೇಲೆ ಹಾಕಿಸಿದೆ. ಅತ್ತೆ ಬಂದು ನೋಡಿ, ನಮ್ಮ ತವರಿನ ದೇವರು ಏನು ಪಾಪ ಮಾಡಿತ್ತು ಎಂದರು. ಎರಡು ದೇವರಾದವು. ಇನ್ನು ಎಣ್ಣೆ ಕಾಣಬೇಕಾದರೆ ಪುಟವನ್ನು ಬೆರಳಲ್ಲಿ ಮೇಲಕ್ಕೆ ತಳ್ಳಬೇಕು. ಮಾವ ಒಂದು ಸಲ ತಳ್ಳಿದವರು ಕೈಗೆ ಬೆಂಕಿ ತಾಗಿದ ಹಾಗೆ ಎಳೆದುಕೊಂಡರು.

"ಅಯ್ಯಯ್ಯೋ, ದೇವರನ್ನ ಹೆಬ್ಬೆಟ್ಟಲ್ಲಿ ತಳ್ತಾರಲ್ಲಮ್ಮ ಜನ!"

"ಹಾಗಾದ್ರೆ ತೆಗೆಸ್ತೀನಿ."

"ತೆಗೀಬೇಡ. ದೇವರು ಅಲ್ಲಾಡದ ಹಾಗೆ ಮಾಡಿಸು, ಮಿಕ್ಕಿದ್ದು ಓಡಾಡ್ಲಿ."

ವೆಬ್‌ಸೈಟ್ ಮಾಡುತ್ತಿದ್ದವಳು ಕೆಂಗೇರಿ ಉಪನಗರದ ಒಬ್ಬ ಹುಡುಗಿ. ಪಾಪ, ಹಾಗೇ ಮಾಡಿಕೊಟ್ಟಳು. ಅವತ್ತಿನಿಂದ ಅರ್ಧ ಸ್ಕ್ರೀನು ದೇವರದು. ಉಳಿದ ಅರ್ಧದಲ್ಲಿ ಕಡಲೆಕಾಯಿ ಎಣ್ಣೆ ಇಣುಕಿ ನೋಡುತ್ತಿತ್ತು.

ನಮ್ಮ ಬಗ್ಗೆ

"ನಮ್ಮ ಬಗ್ಗೆ" ಎನ್ನುವ ಪುಟವನ್ನು ನಾನು ಬರೆಯುವ ಮುಂಚೆಯೇ ಮಾವ ಬರೆದುಬಿಟ್ಟಿದ್ದರು. ಅದೂ ನನಗೆ ಹೇಳದೆ. ನಾನು ಗಾಣದ ಹತ್ತಿರ ಹೋದ ಹೊತ್ತು ನೋಡಿಕೊಂಡು ಆ ಹುಡುಗಿಗೆ ನೇರವಾಗಿ ಫೋನ್ ಮಾಡಿ ಬರೆಸಿದ್ದರು.

ಅವರು ಹುಟ್ಟಿದ್ದು ಎಲ್ಲಿ, ಓದಿದ್ದು ಎಲ್ಲಿ, ಯಾವ ಯಾವ ಊರಿಗೆ ವರ್ಗವಾಯಿತು, ಯಾವ ಮೇಲಧಿಕಾರಿ ಬೆನ್ನು ತಟ್ಟಿದರು, ಎಲ್ಲವೂ ಇತ್ತು. ಎಣ್ಣೆ ಎಂಬ ಪದ ಒಂದೇ ಕಡೆ, ಹಾಸ್ಟೆಲಿನಲ್ಲಿ ದೀಪದ ಬೆಳಕಲ್ಲಿ ಓದಿದ ಕಡೆ ಬಂದಿತ್ತು. ಅದೂ ಸೀಮೆಎಣ್ಣೆ.

"ಮಾವ, ಇದರಲ್ಲಿ ನಾನೆಲ್ಲಿದೀನಿ?"

"ಇದೀಯಲ್ಲಮ್ಮ. ಕೊನೇಲಿ ನೋಡು."

ಕೊನೆಯಲ್ಲಿ ಅತ್ತೆಯ ಹೆಸರು, ನಮ್ಮ ಮನೆಯವರ ಹೆಸರು, ಅವರ ಅಣ್ಣನ ಹೆಸರು. ಅದಾದ ಮೇಲೆ ಲಗ್ನಪತ್ರಿಕೆಯಲ್ಲಿ ಹಾಕುತ್ತಾರಲ್ಲ, ಹಾಗೆ: "ಮತ್ತು ಕುಟುಂಬ ವರ್ಗದವರು".

ನಾನು ಕುಟುಂಬ ವರ್ಗದವರು! ಬೆಳಗ್ಗೆ ಎದ್ದು ಗಾಣ ತಿರುಗಿಸುವವಳು, ಹಿಂಡಿ ಹೊರುವವಳು, ಸಂಜೆ ಎಣ್ಣೆ ಜಿಡ್ಡಿನಲ್ಲೇ ಬಸ್ಸು ಹತ್ತುವವಳು! ನಮ್ಮ ಮನೆಯವರ ಹತ್ತಿರ ಕೂಗಾಡಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಅಪ್ಪಂಗೆ ವಯಸ್ಸಾಯ್ತು ಕಣೇ, ಅಡ್ಜಸ್ಟ್ ಮಾಡ್ಕೊ" ಎಂದರು. ಅವರ ಹೆಸರು ಹಾಕಿದ್ದಾರಲ್ಲ, ಅವರಿಗೇನು!

ಗ್ರೂಪ್ ಫೋಟೋ

ಗಾಣದ ಫೋಟೋ ತೆಗೆಯಲು ಯಾರನ್ನಾದರೂ ಕಳಿಸಿ ಎಂದರೆ ಮಾವ ಮದುವೆ ಫೋಟೋಗ್ರಾಫರನ್ನು ಕರೆಸಿದರು. ಅವನು ಮನೆಯವರನ್ನೆಲ್ಲ ನಿಲ್ಲಿಸಿ, "ಆಂಟಿ ಸ್ವಲ್ಪ ನಗಿ, ಅಂಕಲ್ ಗದ್ದ ಮೇಲೆ" ಎಂದು ಗಾಣವೇ ಕಾಣದ ಹಾಗೆ ತೆಗೆದ. ಹೋಗಲಿ, ಅಡುಗೆಮನೆಯಲ್ಲಿ ಅತ್ತೆ ನಮ್ಮ ಎಣ್ಣೆಯಲ್ಲಿ ಕೋಡುಬಳೆ ಕರಿಯುವುದನ್ನಾದರೂ ತೆಗಿ ಎಂದೆ. ತೆಗೆದ. ರೇಷ್ಮೆ ಸೀರೆ, ಬಾಣಲೆ, ಕೋಡುಬಳೆ, ಎಲ್ಲ ಸೊಗಸಾಗಿ ಬಂದಿತ್ತು.

ಹುಡುಗಿ ಫೋನ್ ಮಾಡಿದಳು. "ಮೇಡಂ, ಆಂಟಿ ಹಿಂದೆ ಕಟ್ಟೆ ಮೇಲೆ ಏನದು?"

ದೊಡ್ಡದು ಮಾಡಿ ನೋಡಿದೆ. ಸೂಪರ್ ಮಾರ್ಕೆಟಿನ ರಿಫೈನ್ಡ್ ಎಣ್ಣೆ ಪ್ಯಾಕೆಟ್ಟು. ಕತ್ತರಿಸಿದ್ದು. ಅರ್ಧ ಖಾಲಿ.

ಅತ್ತೆಯ ಮುಂದೆ ಫೋನ್ ಹಿಡಿದೆ. ಅವರಿಗೆ ಒಂದಿಷ್ಟೂ ಸಂಕೋಚವಿಲ್ಲ.

"ನಿನ್ನ ಎಣ್ಣೆ ದುಬಾರಿ ಅಲ್ವೇನೇ? ಅದು ಮಾರೋದಕ್ಕೆ ಕಣೇ, ಕರಿಯೋದಕ್ಕಲ್ಲ."

ಆಡಿಟ್

ಅಷ್ಟರಲ್ಲಿ ವಿಜಯನಗರದಿಂದ ಅತ್ತೆಯ ತಮ್ಮ ಫೋನ್ ಮಾಡಿ, ಮನೆ ಮದುವೆ ಕಾರ್ಡಿನಲ್ಲೂ ನನ್ನ ಹೆಸರು ಬಿಟ್ಟಿದ್ದಿರಿ, ಈಗ ವೆಬ್‌ಸೈಟಿನಲ್ಲೂ ಬಿಟ್ಟಿದ್ದೀರಂತೆ ಎಂದು ಜಗಳ ತೆಗೆದರು. ಅವರ ಹೆಸರು ಸೇರಿತು. ಅವರ ಹೆಸರು ಸೇರಿದ ಮೇಲೆ ಅವರ ಅಣ್ಣನದು ಬಿಡುವ ಹಾಗಿಲ್ಲ. ಹೀಗೇ ಸಾಲು ಬೆಳೆಯಿತು.

ನನಗೆ ತಡೆಯಲಾಗಲಿಲ್ಲ. ಎಲ್ಲರನ್ನೂ ಊಟದ ಮೇಜಿನ ಸುತ್ತ ಕೂರಿಸಿ ಆಡಿಟ್ ಮಾಡಿದೆ.

"ಇದನ್ನ ನೋಡಿದವರಿಗೆ ನಾವು ಏನು ಮಾರ್ತೀವಿ ಅಂತ ಗೊತ್ತಾಗುತ್ತಾ?"

"ಬಂದು ಕೇಳಿದ್ರೆ ಹೇಳ್ತೀವಿ" ಎಂದರು ಅತ್ತೆ.

"ಎಲ್ಲಿಗೆ ಬರೋದು? ವಿಳಾಸ ಎಲ್ಲಿದೆ?"

"ಬಸವೇಶ್ವರನಗರದಲ್ಲಿ ನನ್ನ ಹೆಸರು ಹೇಳಿದ್ರೆ ಯಾರು ಬೇಕಾದ್ರೂ ಮನೆ ತೋರಿಸ್ತಾರೆ" ಎಂದರು ಮಾವ.

"ಗಾಣ ಇರೋದು ಬ್ಯಾಡರಹಳ್ಳೀಲಿ ಮಾವ! ಮತ್ತೆ ನನ್ನ ನಂಬರ್ ಯಾಕೆ ತೆಗೆಸಿದ್ರಿ?"

"ಮನೆ ಹೆಣ್ಣುಮಕ್ಕಳ ನಂಬರ್ ಎಲ್ಲಾ ಕಡೆ ಹಾಕಬಾರದಮ್ಮ. ನಂದು ಹಾಕ್ಸಿದೀನಿ."

ಅವತ್ತು ರಾಕ್ಷಸಿಯ ಹಾಗೆ ಕೂತು ಎಲ್ಲವನ್ನೂ ಕಿತ್ತು ಹಾಕಿಸಿದೆ. ದೇವರು, ವರ್ಗಾವಣೆ, ಕೋಡುಬಳೆ, ಸೋದರಮಾವಂದಿರು, ಒಂದೂ ಬಿಡಲಿಲ್ಲ. ಮೂರು ಸಾಲು ಉಳಿಯಿತು. ಜನ್ಮ ಸಾರ್ಥಕವಾಯಿತು ಎಂದುಕೊಂಡು ಮಲಗಿದೆ.

ಮಾರನೆಯ ದಿನ ನಾನು ಗಾಣದಲ್ಲಿದ್ದಾಗ ಮಾವ ಒಳ್ಳೆಯ ಮುಹೂರ್ತ ನೋಡಿ, ಹಳೆಯದನ್ನೇ ಹಾಕಿಸಿ, ವೆಬ್‌ಸೈಟನ್ನು ಲೋಕಾರ್ಪಣೆ ಮಾಡಿಬಿಟ್ಟರು. "ನೀವೇ ಒಪ್ಪಿದ್ರಿ ಅಂತ ಅಂಕಲ್ ಹೇಳಿದ್ರು ಮೇಡಂ" ಎಂದಳು ಹುಡುಗಿ. ಅಷ್ಟು ಸಾಲದೆಂದು ಮಾವ ಗೊತ್ತಿದ್ದವರಿಗೆಲ್ಲ ಲಿಂಕ್ ಕಳಿಸಿ ಕೆಳಗೆ ಬರೆದಿದ್ದರು: "ತಾವು ಸಕುಟುಂಬ ಸಮೇತರಾಗಿ ಆಗಮಿಸಿ ಆಶೀರ್ವದಿಸಬೇಕಾಗಿ ವಿನಂತಿ."

ಆಗಮಿಸಿದವರು

ಭಾನುವಾರ ಬೆಳಗ್ಗೆ ಬೆಲ್ಲಾಯಿತು. ಬಾಗಿಲು ತೆಗೆದರೆ ಮಾವನ ಜೊತೆ ಕೆಲಸ ಮಾಡಿದ್ದ ನಂದಿನಿ ಲೇಔಟಿನ ಅಂಕಲ್ಲು, ಆಂಟಿ. ಆಂಟಿಗೆ ದೊಡ್ಡ ಅಂಚಿನ ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ. ಅಂಕಲ್ಲಿನ ಕಂಕುಳಲ್ಲಿ ಬಣ್ಣದ ಕಾಗದ ಸುತ್ತಿದ ಗೋಡೆ ಗಡಿಯಾರ.

"ಛತ್ರ ಯಾವುದು ಅಂತ ಹಾಕೇ ಇಲ್ವಲ್ಲ ಸಾರ್. ಅದಕ್ಕೇ ಮನೆಗೇ ಬಂದ್ವಿ. ಮದುವೆ ಯಾರದು?"

"ಮದುವೆ ಇಲ್ಲ ಕಣ್ರೀ" ಎಂದರು ಮಾವ. "ಅದು ಎಣ್ಣೆ."

"ಓ, ಇವತ್ತು ಅರಿಶಿನ ಎಣ್ಣೆ ಶಾಸ್ತ್ರನಾ? ಹಾಗಾದ್ರೆ ನಾವೇ ಮೊದಲು ಬಂದ್ವಿ ಅನ್ಸುತ್ತೆ" ಎಂದು ಆಂಟಿ ಸೋಫಾ ಮೇಲೆ ಕೂತರು.

ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಮಾವನ ಮುಖ ಬೆವೆತಿತ್ತು. ಉಪ್ಪಿಟ್ಟು ಕೊಟ್ಟೆವು. ಪುಣ್ಯಕ್ಕೆ ಅವತ್ತು ಅತ್ತೆ ನನ್ನ ಎಣ್ಣೆಯನ್ನೇ ಹಾಕಿದ್ದರು. ಆಂಟಿ ಎರಡು ತುತ್ತು ತಿಂದು, "ಎಣ್ಣೆ ತುಂಬಾ ಘಮ್ಮಂತಿದೆ. ನಮಗೂ ಬೇಕು" ಎಂದು ಮಾವನ ಕಡೆ ತಿರುಗಿದರು.

"ಬೀಜ ಹುರಿದು ಹಾಕ್ತೀರಾ, ಹಸೀದಾ? ಎಷ್ಟು ದಿನ ಇಟ್ರೆ ಕಮಟು ವಾಸನೆ ಬರಲ್ಲ?"

ಮಾವ ಫ್ಯಾನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ನೀರಿನ ಲೋಟ ಹಿಡಿದು ಗೋಡೆಯ ಹಾಗೆ ನಿಂತೆ.

"ಇದೇನ್ ಸಾರ್, ನಿಮ್ಮದೇ ವ್ಯಾಪಾರ, ನಿಮಗೇ ಗೊತ್ತಿಲ್ವಾ?" ಎಂದ ಆಂಟಿ ನನ್ನ ಕಡೆ ನೋಡಿದರು. "ನೀನ್ಯಾರಮ್ಮ? ನಿನ್ನ ಹೆಸರು ಅದರಲ್ಲಿ ನೋಡಿದ ಹಾಗಿಲ್ಲ."

ನಾನು ಲೋಟವನ್ನು ಟಪ್ಪೆಂದು ಕೆಳಗಿಟ್ಟೆ.

"ಇದೆ ಆಂಟಿ. ಕೊನೇಲಿ ನೋಡಿ. ನಾನೇ 'ಮತ್ತು ಕುಟುಂಬ ವರ್ಗದವರು'."

ಅಂಕಲ್ಲು ಗಡಿಯಾರವನ್ನು ಈ ತೊಡೆಯಿಂದ ಆ ತೊಡೆಗೆ ಇಟ್ಟುಕೊಂಡರು. ಮಾವ ಕೈ ತೊಳೆದುಕೊಂಡು ಬಂದು, ಎಲ್ಲರ ಎದುರಿಗೇ ಕೆಂಗೇರಿಯ ಹುಡುಗಿಗೆ ಫೋನ್ ಹಚ್ಚಿದರು.

"ನೋಡಮ್ಮ, ಮೇಲೆ ನನ್ನ ಸೊಸೆ ಹೆಸರು ದೊಡ್ಡದಾಗಿ ಹಾಕು. ಮಾಲೀಕರು ಅವಳೇ. ನಮ್ಮ ಹೆಸರೆಲ್ಲ ತೆಗೆದುಬಿಡು. ಕೆಳಗೆ 'ಮತ್ತು ಕುಟುಂಬ ವರ್ಗದವರು' ಅಂತ ಹಾಕು, ನಾವೆಲ್ಲ ಅದರಲ್ಲೇ ಬಂದ್ವಿ."

ನನ್ನ ಕಣ್ಣು ತುಂಬಿತು. ಸುಳ್ಳೇಕೆ ಹೇಳಲಿ, ಅವರ ಕಾಲಿಗೆ ಬೀಳೋಣ ಎನಿಸಿತು. ಅಷ್ಟರಲ್ಲಿ ಮಾವ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ಬಗ್ಗಿ, ಮೆಲ್ಲಗೆ ಕೇಳಿದರು:

"ನಿನ್ನ ಹೆಸರಿನ ಹಿಂದೆ ಚಿರಂಜೀವಿ ಸೌಭಾಗ್ಯವತಿ ಅಂತ ಹಾಕ್ಸೋಣ್ವಾ?"

"ಫೋನ್ ನಂಬರ್ ಹಾಕ್ಸಿ ಮಾವ!" ಎಂದು ಕಿರುಚಿದೆ.