ಕಾಕಾನ ಟವೆಲ್ ಜಪಾನಿಗೆ ಹೋದದ್ದು

ನಮ್ಮ ಕಾಕಾ ಹುಟ್ಟುವಾಗ ಮೊದಲು ತಾವು ಬರಲಿಲ್ಲ, ಟವೆಲ್ ಒಗೆದು ಜಾಗ ಹಿಡಿದು ಆಮೇಲೆ ಬಂದರು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ನಾನು ಕಣ್ಣಾರೆ ನೋಡಿಲ್ಲವಾದ್ದರಿಂದ ಆಣೆ ಮಾಡಿ ಹೇಳಲಾರೆ. ಆದರೆ ಆಮೇಲಿನದ್ದಕ್ಕೆಲ್ಲ ನಾನೇ ಸಾಕ್ಷಿ! ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಅಪ್ಪ ತೀರಿಕೊಂಡಾಗ ನಾನು ಇನ್ನೂ ಚಿಕ್ಕವನು. ನನ್ನನ್ನು ಸಾಕಿ ಓದಿಸಿದವರು ಅವರೇ. ಅದು ಅವರ ಒಂದು ಕೆಲಸ. ಇನ್ನೊಂದು ಕೆಲಸ, ಬಸ್ಸಿನಲ್ಲಿ ಸೀಟು ಹಿಡಿಯುವುದು. ಬಸ್ಸು ಸ್ಟ್ಯಾಂಡಿನ ತಿರುವಿನಲ್ಲಿ ಮೂತಿ ತೋರಿಸುವ ಮೊದಲೇ ಹೆಗಲ ಮೇಲಿನ ಬನಹಟ್ಟಿಯ ಕೆಂಪಂಚಿನ ಟವೆಲ್ ಕೈಗೆ ಬಂದಿರುತ್ತದೆ. ಬಸ್ಸು ನಿಲ್ಲುವಷ್ಟರಲ್ಲಿ ಅದು ಕಿಟಕಿಯ ಸರಳುಗಳ ನಡುವೆ ತೂರಿ, ಮೂರು ಮಂದಿಯ ಸೀಟಿನ ಮೇಲೆ ಉದ್ದಕ್ಕೆ ಮಲಗಿಬಿಟ್ಟಿರುತ್ತದೆ. ನಮ್ಮ ಕಡೆ ಟವೆಲ್ ಬಿದ್ದ ಸೀಟೆಂದರೆ ಮುಗಿಯಿತು. ಮೀಸೆ ಹುರಿ ಮಾಡಿಕೊಂಡು ತಿರುಗುವ ಗಂಡಸರೂ ಅದನ್ನು ಎತ್ತಿ ಕುಳಿತುಕೊಳ್ಳುವ ಧೈರ್ಯ ಮಾಡುವುದಿಲ್ಲ.

ಒಮ್ಮೆ ಲೋಕಾಪುರದಲ್ಲಿ ಕಾಕಾ ಟವೆಲ್ ಒಗೆದು, ನಿಶ್ಚಿಂತೆಯಿಂದ ಚಹಾ ಕುಡಿಯಲು ಹೋದರು. ಬಂದು ನೋಡಿದರೆ ಬಸ್ಸೇ ಇಲ್ಲ! ಬೇರೆ ಯಾರಾದರೂ ಆಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಕಾಕಾ ಇನ್ನೊಂದು ಚಹಾ ಹೇಳಿ ಅಲ್ಲೇ ಕುಳಿತರು. ಮಧ್ಯಾಹ್ನ ಅದೇ ಬಸ್ಸು ತಿರುಗಿ ಬಂದಾಗ ಕಂಡಕ್ಟರ್ ಟವೆಲನ್ನು ಕೈಗೆ ಕೊಟ್ಟು, "ನಿಮ್ಮ ಟಾವೆಲ್ ಬಾಗಲಕೋಟಿ ತನಕಾ ಕುಂತ ಹೋಗಿ ಕುಂತ ಬಂತ್ರಿ ಯಜಮಾನ್ರ. ಮಂದಿ ನಿಂತು ಬಂದ್ರು, ಯಾರೂ ಎಬ್ಬಸಲಿಲ್ಲ" ಅಂದನಂತೆ. ಕಾಕಾ ಇದನ್ನು ಇಂದಿಗೂ ಪದಕ ಬಂದವರ ಹಾಗೆ ಹೇಳಿಕೊಳ್ಳುತ್ತಾರೆ.

ಅವರ ಈ ವಿದ್ಯೆಯ ಫಲ ಉಂಡವನು ನಾನೇ. ಕೃಷ್ಣೆಯ ಹಿನ್ನೀರು ಬಂದು, ಬೀಳಗಿ ಕಡೆಯ ನಮ್ಮೂರು ಎತ್ತರದ ಜಾಗಕ್ಕೆ ಸರಿದ ಹೊಸದರಲ್ಲಿ ನಾನು ಜಮಖಂಡಿಯ ಕಾಲೇಜಿಗೆ ಹೋಗುತ್ತಿದ್ದೆ. ಬೆಳಗಿನ ಬಸ್ಸು ನಮ್ಮ ಹೊಸ ಊರಿಗೆ ಬರುವಷ್ಟರಲ್ಲಿ ತುಂಬಿ, ಬಾಗಿಲಿಗೆ ಹುಡುಗರು ಜೋತುಬಿದ್ದಿರುತ್ತಿದ್ದರು. ಆದರೆ ಒಳಗೆ ಕಿಟಕಿಯ ಪಕ್ಕ ಕಾಕಾ ಕುಳಿತಿರುತ್ತಿದ್ದರು! ನಮ್ಮೂರಿಗಿಂತ ಒಂದು ನಿಲ್ದಾಣ ಹಿಂದಿನ ಊರಿನಲ್ಲೇ ಹತ್ತಿ ಬಂದವರು. ನಾನು ಕಂಡದ್ದೇ ತಡ, ಎದ್ದು, "ನಾ ಕುಂತು ಕುಂತು ಬ್ಯಾಸರಾಗೇತಿ, ನೀ ಕುಂದರು" ಎಂದು ಸೀಟು ಬಿಟ್ಟುಕೊಟ್ಟು ಮುಂದಿನ ನಿಲ್ದಾಣದಲ್ಲಿ ಇಳಿದುಬಿಡುತ್ತಿದ್ದರು. ದಿನಾ ಅವರಿಗೆ ಆ ಕಡೆ ಏನು ಕೆಲಸವಿರುತ್ತಿತ್ತೋ, ನಾನು ಕೇಳಿದವನಲ್ಲ. ಕೇಳಲು ಎಚ್ಚರ ಇರಬೇಕಲ್ಲ! ಪುಸ್ತಕ ತೆರೆದು ಎದೆಗೊತ್ತಿಕೊಂಡು ಜಮಖಂಡಿ ಬರುವವರೆಗೆ ಗೊರಕೆ ಹೊಡೆಯುವುದು ನನ್ನ ಅಭ್ಯಾಸಕ್ರಮವಾಗಿತ್ತು.

ಹಾಗೆ ನಿದ್ದೆಯಲ್ಲೇ ಓದಿ, ಜಮಖಂಡಿಯ ಒಂದು ಬ್ಯಾಂಕಿನಲ್ಲಿ ನೌಕರಿಗೆ ಸೇರಿ, ಲಗ್ನವಾಗಿ, ಒಬ್ಬ ಮಗಳ ತಂದೆಯೂ ಆದೆ. ಈ ಮಗಳು ಒಂದು ದಿನ ಮೊಬೈಲಿನಲ್ಲಿ ಜಪಾನಿನ ಒಂದು ಥೀಮ್ ಪಾರ್ಕಿನ ವಿಡಿಯೋ ನೋಡಿದಳು. ಅಲ್ಲಿ ಸಂಜೆ ಮೆರವಣಿಗೆ ಬರುತ್ತದೆ. ಅದರಲ್ಲಿ ಆಳೆತ್ತರದ ಒಂದು ನೀಲಿ ಮೊಲ ಬರುತ್ತದೆ. ಅದು ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳ ಕೈ ಕುಲುಕುತ್ತದೆ. ಅಷ್ಟೇ! ಅವಳ ಊಟ, ನಿದ್ದೆ, ಕನಸು ಎಲ್ಲ ನೀಲಿ ಮೊಲವಾಯಿತು. ನಾನು ಜಂಬದಿಂದ, "ನಿನ್ನ ಮುಂದಿನ ಸಾಲಿನ್ಯಾಗ ಕುಂದರಸ್ತೇನಿ, ಮೊಲ ನಿನ್ನ ಕೈ ಹಿಡಿದ ಹಿಡೀತೈತಿ" ಎಂದು ಮಾತು ಕೊಟ್ಟುಬಿಟ್ಟೆ.

"ಖರೇನ ಅಪ್ಪಾ?"

"ಖರೆ!"

"ನಿಮ್ಮ ಅಪ್ಪ ಮಾತು ಕೊಟ್ಟಾರ, ಇನ್ನ ದೇವರ ಕಾಪಾಡಬೇಕು" ಎಂದಳು ನನ್ನ ಹೆಂಡತಿ.

"ಅಜ್ಜಾ ಬರದಿದ್ರ ನಾನೂ ಬರಂಗಿಲ್ಲ" ಎಂದು ಮಗಳು ಹಟ ಹಿಡಿದದ್ದರಿಂದ ಕಾಕಾ ಕೂಡ ಹೊರಟರು. ನಾನು ಒಂದೇ ಒಂದು ಷರತ್ತು ಹಾಕಿದೆ: "ಕಾಕಾ, ಅಲ್ಲೆ ಟಾವೆಲ್ ಒಗಿಯೂದು ಗಿಗಿಯೂದು ನಡಿಯಂಗಿಲ್ರಿ. ಶಿಸ್ತಿನ ದೇಶ ಅದು. ನಮ್ಮ ಮಾನ ಹೋಗತೈತಿ."

"ಮೈ ಒರಸ್ಕೊಳ್ಳಾಕರೆ ಬೇಕಲ್ಲೋ?"

"ಮೈ ಒರಸ್ಕೊಳ್ಳಾಕ ಅಷ್ಟ."

"ಆತಪಾ, ಅಷ್ಟ" ಎಂದರು ಕಾಕಾ. ಇಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು. ಆದರೆ ನಾನು ಆಗ ಕನ್ನಡಿಯ ಮುಂದೆ ಸೊಂಟ ಬಗ್ಗಿಸಿ ಜಪಾನಿ ನಮಸ್ಕಾರ ಕಲಿಯುವುದರಲ್ಲಿ ಮುಳುಗಿದ್ದೆ. ಕಲಿತು ಕಲಿತು ಸೊಂಟ ಹಿಡಿದು, ವಿಮಾನ ಹತ್ತುವವರೆಗೆ ಅರ್ಧ ನಮಸ್ಕಾರದ ಭಂಗಿಯಲ್ಲೇ ಓಡಾಡಿದೆ.

ವಿಮಾನದ ಬಾಗಿಲು ಕಂಡಿತೋ ಇಲ್ಲವೋ, ಕಾಕಾರ ಕೈ ಹೆಗಲಿಗೆ ಹೋಯಿತು. "ಸೀಟಿಗೆ ನಂಬರ್ ಐತ್ರಿ ಕಾಕಾ" ಎಂದೆ. "ನಂಬರ್ ಇದ್ರೇನಾತು? ನಂಬರ್ ಮ್ಯಾಲೆ ಬ್ಯಾರೇದಾಂವ ಬಂದು ಕುಂತ್ರ?" ಎಂದರು. ನಾನು ನಕ್ಕು, ಎಲ್ಲರನ್ನೂ ಅವರವರ ಸೀಟಿನಲ್ಲಿ ಕೂಡಿಸಿ, ಹಿಂದಿನ ಸಾಲಿನಲ್ಲಿ ನಾನೂ ಕುಳಿತೆ. ಅಷ್ಟರಲ್ಲಿ ಒಬ್ಬ ಜಪಾನಿ ಹಿರಿಯರು ಬಂದು ನನ್ನ ಮುಂದೆ ನಿಂತು ತಲೆಬಾಗಿದರು. ಆಹಾ, ಎಂಥ ಸಂಸ್ಕೃತಿ! ನಾನೂ ಎದ್ದು ಬಾಗಿ ಕುಳಿತೆ. ಅವರು ಮತ್ತೆ ಬಾಗಿದರು. ನಾನೂ ಮತ್ತೆ ಎದ್ದು ಬಾಗಿ ಕುಳಿತೆ. ಅವರು ಇನ್ನೂ ಕೆಳಗೆ ಬಾಗಿದರು. ನಾನು ಬಿಡುತ್ತೇನೆಯೇ? ಹಣೆ ಮುಂದಿನ ಸೀಟಿಗೆ ಬಡಿಯುವಷ್ಟು ಬಾಗಿದೆ! ಆಗ ಕಾಕಾ ತಿರುಗಿ ನೋಡಿ ಹೇಳಿದರು: "ಲೇ, ಅಂವ ನಿನಗ ನಮಸ್ಕಾರ ಮಾಡಾಕತ್ತಿಲ್ಲೋ. ಏಳಪಾ ಅನ್ನಾಕತ್ತಾನ. ನೀ ಕುಂತಿದ್ದು ಅವನ ಸೀಟು."

ನೋಡಿದರೆ ಹೌದು. ನಂಬರಿನ ಬಗ್ಗೆ ಪಾಠ ಹೇಳಿದ ನಾನೇ ನನ್ನ ನಂಬರ್ ತಪ್ಪಿ ಕುಳಿತಿದ್ದೆ. "ಟಾವೆಲ್ ಹಾಸಿದ್ರ ಈ ಫಜೀತಿ ಇರತಿದ್ದಿಲ್ಲ" ಎಂದು ಕಾಕಾ ಗೊಣಗಿದ್ದು ಮೋಡಗಳ ಮೇಲೆ ಹೋದರೂ ನಿಲ್ಲಲಿಲ್ಲ.

ಜಪಾನಿನಲ್ಲಿ ಇಳಿದು ರೈಲಿನ ಪ್ಲಾಟ್‌ಫಾರ್ಮಿಗೆ ಬಂದಾಗ ಮಾತ್ರ ಕಾಕಾರ ಮುಖ ಬಾಡಿತು. ಗೆರೆ ಎಳೆದಲ್ಲಿ ಜನ ಸಾಲಾಗಿ ನಿಂತಿದ್ದಾರೆ. ಯಾರೂ ನುಗ್ಗುವುದಿಲ್ಲ, ಯಾರೂ ಕೂಗುವುದಿಲ್ಲ. ರೈಲು ಬಂದರೂ ಇಳಿಯುವವರು ಇಳಿಯಲಿ ಎಂದು ಕಾಯುತ್ತಾರೆ! "ಏನ್ ಮಂದಿಲೇ ಇದು? ಕಿಡಕ್ಯಾಗಿಂದ ಒಗಿಯೂಣಂದ್ರ ಕಿಡಕೀನ ತಗಿಯಂಗಿಲ್ಲ" ಎಂದು ಕಾಕಾ ಸಣ್ಣ ದನಿಯಲ್ಲಿ ಹೇಳಿದರು. ಇಡೀ ಜೀವಮಾನದ ವಿದ್ಯೆ ಇಲ್ಲಿ ಕವಡೆ ಕಿಮ್ಮತ್ತಿಲ್ಲದ್ದಾಯಿತಲ್ಲ ಎಂಬ ಸಂಕಟ ಅವರದು. ನನಗೋ ಹಿಗ್ಗು! ರೈಲಿನಲ್ಲಿ ನಿಂತುಕೊಂಡೇ ನಿಯಮ, ಶಿಸ್ತು, ನಾಗರಿಕತೆ ಎಂದು ಭಾಷಣ ಶುರುಮಾಡಿದೆ. ಸುತ್ತಲಿನವರು ನನ್ನನ್ನೇ ನೋಡುತ್ತಿದ್ದುದರಿಂದ ಹುರುಪು ಇನ್ನೂ ಏರಿತು. ಹೆಂಡತಿ ನನ್ನ ತೋಳು ಹಿಂಡಿದಳು.

"ರೀ, ಸುಮ್ಮನಿರ್ರಿ. ಬಾಗಿಲ ಮ್ಯಾಲಿನ ಚಿತ್ರ ನೋಡ್ರಿ. ಇದು ಹೆಣ್ಣಮಕ್ಕಳ ಡಬ್ಬಿ."

ಸುತ್ತ ನೋಡಿದೆ. ಇಡೀ ಡಬ್ಬಿಯಲ್ಲಿ ಮೀಸೆ ಇದ್ದವರು ನಾವಿಬ್ಬರೇ, ನಾನು ಮತ್ತು ಕಾಕಾ. ಮುಂದಿನ ನಿಲ್ದಾಣದಲ್ಲಿ ನನ್ನ ಶಿಸ್ತು, ನಾಗರಿಕತೆ ಎಲ್ಲವನ್ನೂ ಕಂಕುಳಲ್ಲಿ ಇಟ್ಟುಕೊಂಡು, ಕಾಕಾರನ್ನೂ ಎಳೆದುಕೊಂಡು ಇಳಿದು ಓಡಿದೆ.

ಮರುದಿನ ಪಾರ್ಕಿಗೆ ಹೋದೆವು. ನಮಗಿದ್ದದ್ದು ಅದೊಂದೇ ದಿನ. ಮಾರನೆಯ ದಿನ ವಾಪಸು ವಿಮಾನ. ಮಗಳು ಬಾಗಿಲಿನಿಂದಲೇ "ಮೊಲ ಯಾವಾಗ?" ಎಂದು ಕೇಳತೊಡಗಿದಳು. "ಸಂಜಿಗೆ. ಎಲ್ಲಾ ನನ್ನ ಪ್ಲಾನಿನ್ಯಾಗ ಐತಿ" ಎಂದೆ. ಈ ನಡುವೆ ಕಾಕಾ ನೀರು ಕುಡಿಯಲು ಎದ್ದವರು ಬೆಂಚಿನ ಮೇಲೆ ಟವೆಲ್ ಹಾಸಿ ಹೋಗಿದ್ದರು. ಬರುವಷ್ಟರಲ್ಲಿ ಬೆಂಚು ಖಾಲಿ! ಯಾರೋ ಪಾಪ ಕಳೆದುಕೊಂಡಿದ್ದಾರೆ ಎಂದು ಅಲ್ಲಿಯ ಕೆಲಸದವರು ಎತ್ತಿಕೊಂಡು ಹೋಗಿದ್ದರು. ಕಾಕಾ ನಿಂತಲ್ಲೇ ಕಲ್ಲಾದರು. "ನನ್ನ ಟಾವೆಲ್ ಎತ್ತಿದಾಂವ ಇವತ್ತಿನ ತನಕಾ ಹುಟ್ಟಿದ್ದಿಲ್ಲಲೇ!" ಕಳೆದ ವಸ್ತುಗಳ ಕೌಂಟರಿನಲ್ಲಿ ನಾನು ಕಲಿತ ಜಪಾನಿ ಭಾಷೆಯನ್ನೆಲ್ಲ ಖರ್ಚು ಮಾಡಿದೆ. ಆ ಹುಡುಗಿ ನನಗೆ ಮೊದಲು ಒಂದು ಛತ್ರಿ, ಆಮೇಲೆ ಒಂದು ಹಾಲಿನ ಬಾಟಲಿ ತಂದು ತೋರಿಸಿದಳು. ಕೊನೆಗೆ ಕಾಕಾ ಮುಂದೆ ಬಂದು, ಸುಮ್ಮನೆ ತಮ್ಮ ಖಾಲಿ ಹೆಗಲನ್ನು ತಟ್ಟಿ ತೋರಿಸಿದರು. ಅವಳು ಒಳಗೆ ಹೋಗಿ ಟವೆಲನ್ನು ಚೀಲದಲ್ಲಿ ಹಾಕಿ, ಎರಡೂ ಕೈಯಿಂದ ಕೊಟ್ಟು ತಲೆಬಾಗಿದಳು.

"ಮಡಚಿ ಕೊಟ್ಟಾಳ ನೋಡಲೇ!" ಎಂದು ಕಾಕಾ ಕರಗಿಹೋದರು. ನಾನು ಕರಗಲಿಲ್ಲ. ಗದರಿಸಿದೆ: "ಸಾಕ್ರಿ ಕಾಕಾ. ಇನ್ನ ಅದನ್ನ ಹೊರಗ ತಗಿಯಬ್ಯಾಡ್ರಿ." ಅವರು ಅದನ್ನು ಬ್ಯಾಗಿನಲ್ಲಿ ಇಟ್ಟುಕೊಂಡರು.

ಮಧ್ಯಾಹ್ನದ ಮೇಲೆ ಒಂದು ಬೆಟ್ಟದಿಂದ ಧುಮುಕುವ ರೈಲು ನನ್ನ ಕಣ್ಣಿಗೆ ಬಿತ್ತು. ಮಗಳಿಗೆ ತೋರಿಸೋಣ ಎಂದೆ. ಸುಳ್ಳೇಕೆ, ನನಗೇ ಕೂಡಬೇಕಿತ್ತು. ಕಾಕಾ, "ನೀವು ಹೋಗಿ ಬರ್ರಿ, ನಾ ಇಲ್ಲೆ ಅಡ್ಡಾಡತಿರತೇನಿ" ಎಂದರು. "ಮೆರವಣಿಗಿ ಹೊತ್ತಿಗೆ ಬಂದಬಿಡತೇವ್ರಿ" ಎಂದು ಹೋದೆ. ಸಾಲು ಚಿಕ್ಕದಾಗಿ ಕಂಡಿತ್ತು. ಒಳಗೆ ಹೋದ ಮೇಲೆ ಗೊತ್ತಾಯಿತು, ಹೊರಗೆ ಕಂಡದ್ದು ಅದರ ಬಾಲ ಮಾತ್ರ! ಹಾವಿನಂತೆ ಸುತ್ತಿ ಸುತ್ತಿ ಗುಹೆಯೊಳಗೆ ಹೋಗಿತ್ತು. ನಡುವೆ ಹೊರಬರಲು ದಾರಿಯಿಲ್ಲ. ಬೆಟ್ಟದಿಂದ ಧುಮುಕುವಾಗ ಎಲ್ಲರೂ ಭಯಕ್ಕೆ ಕಿರುಚಿದರು. ನಾನು ಗಡಿಯಾರ ನೋಡಿ ಕಿರುಚಿದೆ.

ಹೊರಗೆ ಓಡಿಬಂದರೆ ಬೀದಿಯ ಎರಡೂ ಬದಿಗೆ ಜನವೋ ಜನ. ಎಲ್ಲರೂ ಹಾಳೆ, ಚಾಪೆ ಹಾಸಿಕೊಂಡು ಎಷ್ಟೋ ಹೊತ್ತಿನಿಂದ ಜಾಗ ಹಿಡಿದು ಕುಳಿತವರು! ಈ ಸಂಗತಿ ನನ್ನ ಪ್ಲಾನಿನಲ್ಲಿ ಇರಲೇ ಇಲ್ಲ. ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡೆ. ಹಾಗೆ ಕೂಡಿಸುವಂತಿಲ್ಲ ಎಂದು ಕೆಲಸದವರು ಬಂದು ಕೈಸನ್ನೆ ಮಾಡಿದರು. ಇಳಿಸಿದೆ. ದೂರದಲ್ಲಿ ಮೆರವಣಿಗೆಯ ವಾದ್ಯ ಕೇಳತೊಡಗಿತು. ಅವಳ ಮುಂದೆ ಬರೀ ಬೆನ್ನುಗಳು. "ನೀ ಮಾತು ಕೊಟ್ಟಿದ್ದ್ಯಲ್ಲ ಅಪ್ಪಾ" ಎಂದಳು. ಜೋರಾಗಿ ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ದನಿಯಿಲ್ಲದೆ ಅಳುತ್ತಿದ್ದಳು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಲೇ! ಅಲ್ಯಾಕ ನಿಂತೀರಿ? ಇಲ್ಲಿ ಬರ್ರೋ!"

ಜಪಾನಿನ ಆ ಮೆಲುದನಿಯ ಜನರ ನಡುವೆ ಮುಧೋಳ ಸ್ಟ್ಯಾಂಡಿನ ದನಿ! ಕತ್ತು ಚಾಚಿ ನೋಡಿದೆ. ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ, ಹಗ್ಗದ ಪಕ್ಕ, ನೆಲದ ಮೇಲೆ ಕೆಂಪಂಚಿನ ಟವೆಲ್! ನಾಲ್ಕು ಮೂಲೆಗೆ ನಾಲ್ಕು ಗುರುತು: ಎಡಗಾಲ ಚಪ್ಪಲಿ, ಬಲಗಾಲ ಚಪ್ಪಲಿ, ನೀರಿನ ಬಾಟಲಿ, ಟೊಪ್ಪಿಗೆ. ನಡುವೆ ಬರಿಗಾಲಲ್ಲಿ ಕಾಕಾ. ದಾರಿ ಕೊಡಲು ಜನ ನಗುತ್ತ ಕಾಲು ಮಡಚಿದರು.

"ನಮ್ಮ ಮಂದೀನ ಅದಾರಲೇ ಇವ್ರು! ನಾ ಸುಮ್ಮನ ಹೆದರಿದ್ನಿ" ಎಂದರು ಕಾಕಾ, ಹಬ್ಬದ ಮುಖ ಮಾಡಿಕೊಂಡು. "ಮಧ್ಯಾಹ್ನನ ಎಲ್ಲಾರೂ ಹಾಸಾಕತ್ರು. ನಾನೂ ಹಾಸಿದ್ನಿ. ಅಳಬ್ಯಾಡ ಬೇ ಅವ್ವಿ, ಕುಂದರು."

ಟವೆಲ್ ಮೇಲೆ ಮೂವರಿಗಷ್ಟೇ ಜಾಗ. ನಾನು ಲೆಕ್ಕ ಹಾಕುವ ಮೊದಲೇ ಕಾಕಾ ಎದ್ದು ಚಪ್ಪಲಿ ಮೆಟ್ಟಿಕೊಂಡರು. "ನೀವು ಕುಂದರ್ರಿ ಕಾಕಾ" ಎಂದೆ.

"ನಾ ಕುಂತು ಕುಂತು ಬ್ಯಾಸರಾಗೇತಿ, ನೀ ಕುಂದರು" ಎಂದು ಹಿಂದೆ ನಿಂತವರ ಕಡೆ ನಡೆದುಬಿಟ್ಟರು.

ಅದೇ ಮಾತು, ಅದೇ ದನಿ. ಕುಳಿತ ಜಾಗದಲ್ಲೇ ನನಗೆ ಜಮಖಂಡಿ ಬಸ್ಸು ನೆನಪಾಯಿತು. ಈ ಸಲ ನಿದ್ದೆ ಬರಲಿಲ್ಲ. ಎದ್ದು ಅವರ ಹತ್ತಿರ ಹೋದೆ.

"ಕಾಕಾ, ನಾ ಕಾಲೇಜಿಗೆ ಹೋಗೂ ಮುಂದ ಹಿಂದಿನ ಸ್ಟಾಪಿನ ಊರಾಗ ಬಸ್ ಹತ್ತಿ ಬರತಿದ್ರಲ್ಲ, ಅಲ್ಲಿ ತನಕಾ ಹೆಂಗ ಹೋಗತಿದ್ರಿ?"

"ಹೆಂಗಂದ್ರ? ನಡಕೊಂತ."

"ಮತ್ತ ಮುಂದಿನ ಸ್ಟಾಪಿನ್ಯಾಗ ಇಳೀತಿದ್ರಲ್ಲ, ಅಲ್ಲೇನು ಕೆಲಸ ಇರತಿತ್ರಿ ನಿಮಗ?"

ಕಾಕಾ ನನ್ನನ್ನು ದಡ್ಡನನ್ನು ನೋಡಿದಂತೆ ನೋಡಿದರು. "ಏನ್ ಕೆಲಸ? ಇಳದು ಮನಿಗೆ ನಡಕೊಂತ ಬರೂದು, ಅದ ಕೆಲಸ. ನೀ ನಿಂತು ಹೋದ್ರ ಓದೂದು ಹೆಂಗ ಆಗತಿತ್ತು?"

ನನಗೆ ಅಳು ಬಂತು. ಓದುತ್ತಿದ್ದೆನೇ ನಾನು! ವಾದ್ಯ ಹತ್ತಿರವಾಗುತ್ತಿತ್ತು. ಕಾಕಾರ ಎರಡೂ ಹೆಗಲು ಹಿಡಿದು ಮುಂದಿನ ಸಾಲಿಗೆ ಕರೆದುಕೊಂಡು ಬಂದು, ಮೊಮ್ಮಗಳ ಪಕ್ಕ ಟವೆಲ್ ಮೇಲೆ ಒತ್ತಿ ಕೂಡಿಸಿದೆ.

"ಲೇ, ನೀ ಎಲ್ಲಿ ಕುಂದರತೀಯೋ..."

"ನಾ ಕುಂತು ಕುಂತು ಬ್ಯಾಸರಾಗೇತ್ರಿ ಕಾಕಾ" ಎಂದೆ. "ನೀವು ಕುಂದರ್ರಿ."

ಕಾಕಾ ಕುಳಿತರು. ನೀಲಿ ಮೊಲ ಬಂದು ನನ್ನ ಮಗಳ ಕೈ ಕುಲುಕಿತು, ಆಮೇಲೆ ಅವರದೂ. ನಾನು ಹಿಂದೆ, ಜನರ ನಡುವೆ, ನಿಂತುಕೊಂಡೇ ನೋಡಿದೆ.